ಮೇ ತಿಂಗಳಲ್ಲಿ ಮಾಳಿಗೆಯ ನೆರಳು ಅಳೆಯಬೇಡಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮಾಳಿಗೆಗೆ ಸೋಲಾರ್ ಹಾಕಿಸುವವರು ಜಾಗ ತೋರಿಸಲು ಕರೆಯುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಕರೆಂಟ್ ಬಿಲ್ ಏರಿದಾಗ. ಮಟಮಟ ಮಧ್ಯಾಹ್ನ ಮೇಲೆ ಕರೆದೊಯ್ದು, “ಬ್ಯಾಸಗ್ಯಾಗ ಸೂರ್ಯ ಹತ್ರ ಬಂದಿರ್ತಾನ್ರಿ, ಈಗ ನೆರಳಿಲ್ಲಂದ್ರ ಯಾವಾಗ್ಲೂ ಇರಂಗಿಲ್ಲ” ಅನ್ನುತ್ತಾರೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ.

ನಮಗೆ ಸೂರ್ಯ ಹತ್ತಿರವಾಗುವುದು ಚಳಿಗಾಲದಲ್ಲಿ. ಜನವರಿ ಮೊದಲ ವಾರ ಭೂಮಿಯಿಂದ ಅವನ ದೂರ ಸುಮಾರು 14.71 ಕೋಟಿ ಕಿ.ಮೀ., ಜುಲೈ ಮೊದಲ ವಾರ 15.21 ಕೋಟಿ. ದೂರದಿಂದ ಬಿಸಿಲಿನಲ್ಲಿ ಆಗುವ ವ್ಯತ್ಯಾಸ ಶೇ. 7ರಷ್ಟು ಮಾತ್ರ, ಅದೂ ನಮ್ಮ ಬೇಸಿಗೆಗೆ ಉಲ್ಟಾ. ಋತುಗಳನ್ನು ಮಾಡುವುದು ಭೂಮಿಯ ಅಕ್ಷದ 23.4 ಡಿಗ್ರಿ ವಾಲು. ವಾಲಿದ ದಿಕ್ಕು ವರ್ಷವಿಡೀ ಒಂದೇ. ಆದ್ದರಿಂದ ಜೂನ್‌ನಲ್ಲಿ ಉತ್ತರಾರ್ಧ ಸೂರ್ಯನ ಕಡೆಗೆ ಬಾಗಿರುತ್ತದೆ, ಡಿಸೆಂಬರ್‌ನಲ್ಲಿ ಆಚೆಗೆ. ನೆಟ್ಟಗೆ ಬಿದ್ದ ಬಿಸಿಲು ಖಾರ, ಓರೆಯಾಗಿ ಬಿದ್ದರೆ ಅದೇ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗಿ ತೆಳುವಾಗುತ್ತದೆ. ರಾಯಚೂರಿನ ಹಗಲು ಜೂನ್‌ನಲ್ಲಿ 13 ಗಂಟೆ ದಾಟಿದರೆ ಡಿಸೆಂಬರ್‌ನಲ್ಲಿ 11 ಗಂಟೆ 10 ನಿಮಿಷಕ್ಕೆ ಇಳಿಯುತ್ತದೆ. ಜೂನ್‌ಗಿಂತ ಮೇ ಸುಡುವುದೇಕೆ ಅಂದರೆ, ಜೂನ್‌ನಲ್ಲೂ ಸೂರ್ಯ ನೆತ್ತಿಯ ಹತ್ತಿರವೇ ಇದ್ದರೂ ಮುಂಗಾರಿನ ಮೋಡ ಅಡ್ಡ ಬಂದಿರುತ್ತದೆ.

ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಬಳ್ಳಾರಿಯಲ್ಲಿ ಮೇ 1ರ ಆಸುಪಾಸು, ಕೊಪ್ಪಳದಲ್ಲಿ ಒಂದು ದಿನ ಆಚೆ, ರಾಯಚೂರಿನಲ್ಲಿ ಮೇ 5ರ ಸುಮಾರಿಗೆ ನಡುಹಗಲು ಅದಕ್ಕೆ ನೆರಳೇ ಇರುವುದಿಲ್ಲ. ಜೂನ್ 21ಕ್ಕೆ ರಾಯಚೂರಿನಲ್ಲಿ 13 ಸೆಂ.ಮೀ. ನೆರಳು, ಅದೂ ದಕ್ಷಿಣಕ್ಕೆ. ಡಿಸೆಂಬರ್ 21ಕ್ಕೆ ಅದೇ ಕೋಲಿನ ನೆರಳು ಉತ್ತರಕ್ಕೆ 83 ಸೆಂ.ಮೀ. ನಡುಹಗಲು ಅಂದರೆ ಗಡಿಯಾರದ ಹನ್ನೆರಡಲ್ಲ; ಡಿಸೆಂಬರ್‌ನಲ್ಲಿ ರಾಯಚೂರಿಗೆ ಅದು ಸುಮಾರು 12.19. ಆಗಿನ ನೆರಳು ತೋರಿಸುವುದೇ ನಿಜವಾದ ಉತ್ತರ. ಕಬ್ಬಿಣ ತುಂಬಿದ ಸ್ಲ್ಯಾಬ್ ಮೇಲೆ ಮೊಬೈಲ್ ದಿಕ್ಸೂಚಿಗಿಂತ ಇದನ್ನು ನಂಬಿ. “ಸಂಕ್ರಾಂತಿಗೆ ಸೂರ್ಯ ತಿರುಗ್ತಾನ, ಆವಾಗ ನೋಡೋಣ” ಅನ್ನುವವರೂ ಇದ್ದಾರೆ. ಅಷ್ಟರಲ್ಲಿ ಅವನು ತಿರುಗಿ ಮೂರು ವಾರ ಆಗಿರುತ್ತದೆ.

ಡಿಸೆಂಬರ್‌ವರೆಗೆ ಕಾಯಲು ಆಗದಿದ್ದರೆ ಲೆಕ್ಕ ಹಾಕಿ. ಅಡ್ಡವಿರುವ ವಸ್ತು ಪ್ಯಾನೆಲಿನ ಕೆಳ ಅಂಚಿಗಿಂತ ಎಷ್ಟು ಎತ್ತರವಿದೆಯೋ ಅದನ್ನು 1.1ರಿಂದ ಗುಣಿಸಿ, ಡಿಸೆಂಬರ್‌ನಲ್ಲಿ ಬೆಳಗಿನ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂಕಾಲರವರೆಗೆ ನೆರಳು ಉತ್ತರಕ್ಕೆ ಚಾಚುವುದು ಹೆಚ್ಚೆಂದರೆ ಅಷ್ಟು. ಪೂರ್ವ, ಪಶ್ಚಿಮಕ್ಕೆ 1.3 ಪಟ್ಟು ಹಿಡಿಯಿರಿ. ಒಂದು ಮೀಟರ್ ಪ್ಯಾರಪೆಟ್ ಇದ್ದರೆ ಸ್ಟ್ಯಾಂಡಿನ ಕಾಲನ್ನೇ ಅಷ್ಟು ಎತ್ತರಿಸುವುದು ಒಳ್ಳೆಯದು, ಆದರೆ ಗಾಳಿಯ ಹೊಡೆತಕ್ಕೆ ಬುನಾದಿ ಬಲವಾಗಿರಬೇಕು. ಪ್ಯಾನೆಲ್ ದಕ್ಷಿಣಕ್ಕೆ 15 ಡಿಗ್ರಿ ಓರೆ ಇದ್ದರೆ ಸಾಕು.

ಚಳಿಗಾಲದ ಆ ಬಿಸಿಲು ನಿಜಕ್ಕೂ ಬೆಲೆಬಾಳುವಂಥದ್ದು. ಮೇ ತಿಂಗಳಲ್ಲಿ ಪ್ಯಾನೆಲ್ 60 ಡಿಗ್ರಿಗೆ ಕಾದಾಗ, 25ರ ಮೇಲಿನ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಶಕ್ತಿ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಆಕಾಶ ತಿಳಿ, ಗಾಳಿ ತಂಪು. ಅಂಥ ಹೊತ್ತಲ್ಲಿ ಒಂದು ಪ್ಯಾನೆಲ್ ಮೇಲೆ ನೆರಳು ಕೂತರೂ ಅದರ ಜೊತೆ ಸಾಲಾಗಿ ಜೋಡಿಸಿದವುಗಳ ಉತ್ಪಾದನೆಗೂ ಪೆಟ್ಟು ಬೀಳಬಹುದು. ಎಷ್ಟು ಅನ್ನುವುದು ವೈರಿಂಗ್, ಇನ್ವರ್ಟರ್ ಮೇಲೆ ನಿಂತಿದೆ.

ನಮ್ಮ ಕಡೆ ವಾಸ್ತು ನೋಡಿ ನೀರಿನ ಟ್ಯಾಂಕನ್ನು ನೈಋತ್ಯ ಮೂಲೆಗೆ ಎತ್ತರಿಸಿ ಕಟ್ಟುತ್ತಾರೆ. ಡಿಸೆಂಬರ್ ಮಧ್ಯಾಹ್ನ ಅದರ ನೆರಳು ಈಶಾನ್ಯಕ್ಕೆ, ಅಂದರೆ ಮಾಳಿಗೆಯ ಮೇಲೆಯೇ ಓರೆಯಾಗಿ ಮಲಗುತ್ತದೆ. ಅದಕ್ಕೆ ಟ್ಯಾಂಕ್ ಒಡೆಯಬೇಕಿಲ್ಲ. ಬೆಳಿಗ್ಗೆ ಅದರ ನೆರಳು ವಾಯವ್ಯಕ್ಕೆ, ಹೆಚ್ಚಿನಂಶ ಮಾಳಿಗೆಯಾಚೆಗೇ ಹೋಗುವುದರಿಂದ ಆಗ್ನೇಯ ಭಾಗಕ್ಕೆ ಟ್ಯಾಂಕಿನ ಕಾಟವಿಲ್ಲ; ಪ್ಯಾನೆಲ್‌ಗಳನ್ನು ಅಲ್ಲಿಂದ ಶುರು ಮಾಡಿ.