ಸಫಾರಿಗೆ ಹೋದರೂ ಚಿರತೆ ಯಾಕೆ ಕಾಣಿಸುವುದಿಲ್ಲ?

ಪ್ರಶ್ನೆ: ಸಫಾರಿಯಲ್ಲಿ ಜಿಂಕೆ, ಆನೆ ಎಲ್ಲ ಕಾಣಿಸುತ್ತವೆ. ಚಿರತೆ ಮಾತ್ರ ಕಾಣುವುದೇ ಇಲ್ಲ. ಇದು ಬರೀ ಅದೃಷ್ಟವೋ, ಅಥವಾ ನೋಡುವುದಕ್ಕೆ ಏನಾದರೂ ದಾರಿ ಇದೆಯೋ?

ಅದೃಷ್ಟವೂ ಬೇಕು. ಆದರೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ಕಿವಿ. ಜೀಪು ಎಷ್ಟು ದೂರ ಸುತ್ತಿತು ಅನ್ನುವುದಕ್ಕಿಂತ, ಎಂಜಿನ್ ಆರಿಸಿ ಎಷ್ಟು ಹೊತ್ತು ನಿಂತಿತ್ತು ಅನ್ನುವುದು ಮುಖ್ಯ.

ಚಿರತೆ ಒಂಟಿಯಾಗಿ ಓಡಾಡುವ ಪ್ರಾಣಿ. ಅದರ ಮೈಮೇಲಿನ ಚುಕ್ಕೆಗಳು ಎಲೆಗಳ ಬಿಸಿಲು ನೆರಳಿನಲ್ಲಿ ಕರಗಿಹೋಗುತ್ತವೆ. ಹುಲಿ, ಸಿಂಹ ಇರುವ ಕಾಡಿನಲ್ಲಿ ಅದಕ್ಕೂ ಜೀವಭಯ ಇದೆ, ಹಾಗಾಗಿ ಇನ್ನಷ್ಟು ಎಚ್ಚರವಾಗಿರುತ್ತದೆ. ಶ್ರೀಲಂಕಾದಲ್ಲಿ ಹುಲಿಯೂ ಇಲ್ಲ, ಸಿಂಹವೂ ಇಲ್ಲ. ಅಲ್ಲಿ ಚಿರತೆಯೇ ದೊಡ್ಡ ಬೇಟೆಗಾರ. ಯಾಲಾ ಕಾಡಿನಲ್ಲಿ ಅದು ಹಗಲಲ್ಲೇ ಬಂಡೆ ಮೇಲೆ ಮಲಗಿರುವುದು ಕಾಣಸಿಗುವುದಕ್ಕೆ ಇದೂ ಒಂದು ಕಾರಣ.

ಈಗ ಕಿವಿಯ ವಿಷಯ. ಚಿರತೆಯನ್ನು ನಮಗಿಂತ ಮೊದಲು ನೋಡುವವರು ಮುಸುವ, ಜಿಂಕೆ, ಕಡವೆ, ಕಾಡುಕುರಿ. ನೋಡಿದ ಕೂಡಲೇ ಎಚ್ಚರಿಕೆಯ ಕೂಗು ಹಾಕುತ್ತವೆ. ಸಫಾರಿಯವರು ‘ಕಾಲ್ ಬಂತು’ ಅನ್ನುವುದು ಇದಕ್ಕೇ. ಎಲ್ಲ ಕೂಗಿಗೂ ಒಂದೇ ಬೆಲೆ ಇಲ್ಲ. ಚುಕ್ಕೆ ಜಿಂಕೆ ಸಣ್ಣ ಗಾಬರಿಗೂ ಒಂದೆರಡು ಸಲ ಕೂಗಿ ಸುಮ್ಮನಾಗಿಬಿಡುತ್ತದೆ. ಕಡವೆ ಹಾಗಲ್ಲ. ಅದು ಕಾಲು ನೆಲಕ್ಕೆ ಬಡಿಯುತ್ತಾ, ಬಾಲ ಎತ್ತಿ, ಬಿಡದೆ ಕೂಗುತ್ತಿದ್ದರೆ ನಾನಂತೂ ಜಾಗ ಬಿಟ್ಟು ಕದಲುವುದಿಲ್ಲ. ಮರದ ತುದಿಯಲ್ಲಿ ಕೂತ ಮುಸುವ ಇನ್ನೂ ದೊಡ್ಡ ಸಹಾಯ ಮಾಡುತ್ತದೆ. ಅದು ಕೂಗುವುದರ ಜೊತೆಗೆ ಅಪಾಯ ಇರುವ ಕಡೆಗೇ ಮುಖ ಮಾಡಿ ನೋಡುತ್ತಿರುತ್ತದೆ. ಅದರ ದೃಷ್ಟಿ ಎಲ್ಲಿದೆಯೋ ನಿಮ್ಮ ಬೈನಾಕ್ಯುಲರ್ ಅಲ್ಲಿಗೆ ತಿರುಗಲಿ. ಆಫ್ರಿಕಾದ ಕಾಡುಗಳಲ್ಲಿ ಇದೇ ಕೆಲಸವನ್ನು ಇಂಪಾಲ, ಬಬೂನ್, ಗಿನಿಕೋಳಿಗಳು ಮಾಡುತ್ತವೆ.

ಕೂಗು ಒಂದೇ ಜಾಗದಿಂದ ಬರುತ್ತಿದೆಯೋ, ಸರಿಯುತ್ತಿದೆಯೋ ಗಮನಿಸಿ. ಸರಿಯುತ್ತಿದ್ದರೆ ಬೇಟೆಗಾರ ನಡೆಯುತ್ತಿದೆ ಅಂತ ಅರ್ಥ. ಅದು ದಾರಿ ದಾಟಬಹುದಾದ ಜಾಗ ಊಹಿಸಿ, ಸಾಕಷ್ಟು ಮುಂದೆ ಹೋಗಿ ನಿಂತು ಕಾಯುವುದು ಒಳ್ಳೆಯ ಚಾಲಕರ ಕ್ರಮ. ಕೂಗಿದ ಕಡೆಗೇ ನುಗ್ಗಿದರೆ ಚಿರತೆ ಪೊದೆಯೊಳಗೆ ಕೂತುಬಿಡುತ್ತದೆ, ಅಷ್ಟೇ. ಅಂದಹಾಗೆ, ಕೂಗಿಗೆ ಕಾರಣ ಹುಲಿಯೋ ಕಾಡುನಾಯಿಯೋ ಆಗಿರಲೂಬಹುದು. ಅದರಲ್ಲಿ ಬೇಸರಪಡುವಂಥದ್ದು ಏನಿದೆ, ಅಲ್ವಾ?

ಇನ್ನು ಕಣ್ಣು. ಎಲ್ಲರೂ ನೆಲ ನೋಡುತ್ತಾರೆ, ನೀವು ಕೊಂಬೆ ನೋಡಿ. ಅಡ್ಡಕ್ಕೆ ಚಾಚಿದ ದಪ್ಪ ಕೊಂಬೆ ಚಿರತೆಗೆ ಇಷ್ಟದ ಜಾಗ. ಇಡೀ ಮೈ ಹುಡುಕಬೇಡಿ. ಕೆಳಗೆ ಇಳಿಬಿದ್ದ ಬಾಲ, ಜೋತಾಡುವ ಒಂದು ಕಾಲು, ಇವೇ ಮೊದಲು ಕಾಣುವುದು. ಕವಲಿನಲ್ಲಿ ಜಿಂಕೆಯ ದೇಹ ನೇತಾಡುತ್ತಿದ್ದರೆ ಅದೇ ಎಲ್ಲಕ್ಕಿಂತ ದೊಡ್ಡ ಸುಳಿವು. ಬೇರೆ ಬೇಟೆಗಾರರು ಕಸಿಯಬಾರದು ಅಂತ ಚಿರತೆ ಬೇಟೆಯನ್ನು ಮರಕ್ಕೆ ಏರಿಸುತ್ತದೆ. ಊಟ ಮುಗಿದಿಲ್ಲವಾದರೆ ಮತ್ತೆ ಬರುವ ಸಾಧ್ಯತೆ ತುಂಬಾ ಇದೆ.

ಹೊತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ಮೊದಲ ಸಫಾರಿ, ಸಂಜೆಯ ಕೊನೆಯ ಗಂಟೆ. ಜಾಂಬಿಯಾದ ಸೌತ್ ಲುವಾಂಗ್ವಾದಂಥ ಕಡೆ ರಾತ್ರಿ ಸಫಾರಿಗೂ ಅವಕಾಶ ಇದೆ.

ಕರಿಚಿರತೆ ಬೇರೆ ಜಾತಿಯೇ ಅಂತ ಅನೇಕರು ಕೇಳುತ್ತಾರೆ. ಅಲ್ಲ. ಅದೂ ಇದೇ ಚಿರತೆ, ಮೈಬಣ್ಣ ಮಾತ್ರ ಕಪ್ಪು. ಒಳ್ಳೆ ಬಿಸಿಲು ಬಿದ್ದರೆ ಅದರ ಮೈಮೇಲೂ ಚುಕ್ಕೆಗಳು ಕಾಣುತ್ತವೆ.

ಚಿರತೆ ಕಂಡಾಗ ದಯವಿಟ್ಟು ಕೂಗಬೇಡಿ, ಎದ್ದು ನಿಲ್ಲಬೇಡಿ, ಫ್ಲ್ಯಾಶ್ ಹಾಕಬೇಡಿ. ‘ಇನ್ನೂ ಹತ್ತಿರ ಹೋಗಿ’ ಅಂತ ಚಾಲಕರನ್ನು ಒತ್ತಾಯಿಸಲೇಬೇಡಿ. ಅದು ಕಿವಿ ಹಿಂದಕ್ಕೆ ಮಡಚಿದರೆ, ಬಾಲ ಪಟಪಟ ಬಡಿದರೆ, ನಾವು ಅತಿಯಾಗಿ ಹತ್ತಿರ ಬಂದಿದ್ದೇವೆ ಅಂತ ತಿಳಿಯಿರಿ. ಆಗ ಹಿಂದೆ ಸರಿಯಬೇಕು. ಜೊತೆಗೆ ಮರಿಗಳಿದ್ದರೆ, ಎಷ್ಟೇ ಚೆನ್ನಾಗಿ ಕಾಣುತ್ತಿದ್ದರೂ, ಸ್ವಲ್ಪ ಹೊತ್ತು ದೂರದಿಂದ ನೋಡಿ ಹೊರಟುಬಿಡಿ.