ರೂಟರ್ ಅಪ್‌ಡೇಟ್ ಆಯಿತು, ಸ್ಪೀಕರ್ ಎಲ್ಲಿ ಹೋಯಿತು?

ಮನೆಗಳ ವೈಫೈ ಸರಿಪಡಿಸುವ ನನಗೆ ಬರುವ ಕರೆಗಳಲ್ಲಿ ಒಂದು ಮಾತು ಮಾತ್ರ ಎಂದೂ ಬದಲಾಗುವುದಿಲ್ಲ: "ನಾನು ಏನನ್ನೂ ಮುಟ್ಟಿಲ್ಲ." ನಿಜವೇ. ಮೆಶ್ ರೂಟರ್ (ನೋಡ್ ಎಂಬ ಹಲವು ಪೆಟ್ಟಿಗೆಗಳು ಸೇರಿ ಮನೆಯಿಡೀ ಒಂದೇ ವೈಫೈ ಹರಡುವ ವ್ಯವಸ್ಥೆ) ರಾತ್ರಿ ಎಲ್ಲರೂ ಮಲಗಿದ್ದಾಗ ಹೊಸ ಫರ್ಮ್‌ವೇರ್, ಅಂದರೆ ತನ್ನನ್ನು ನಡೆಸುವ ತಂತ್ರಾಂಶ, ಇಳಿಸಿಕೊಂಡು, ತಾನೇ ರೀಸ್ಟಾರ್ಟ್ ಆಗಿ ಕುಳಿತಿರುತ್ತದೆ. ಬೆಳಿಗ್ಗೆ ಫೋನ್, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಸರಿ. ವೈಫೈ ಸ್ಪೀಕರ್ ಮಾತ್ರ ತನ್ನ ಆ್ಯಪ್‌ನಿಂದ ಮಾಯ.

ಆಗ ಹೆಚ್ಚಿನವರು ಪಿನ್ ಹುಡುಕಿ ರೀಸೆಟ್ ಗುಂಡಿ ಒತ್ತುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅದಕ್ಕೂ ಮೊದಲು ರೂಟರ್‌ನ ಆ್ಯಪ್ ತೆರೆದು, ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿಯಲ್ಲಿ ಸ್ಪೀಕರ್ ಇದೆಯೇ ಎಂದು ನೋಡಿ. ರೋಗ ಯಾವುದೆಂದು ಅರ್ಧದಷ್ಟು ಅಲ್ಲಿಯೇ ತಿಳಿಯುತ್ತದೆ.

ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ಪೀಕರ್ ಈ ರೂಟರ್‌ನ ವೈಫೈಗೆ ಸೇರಿಯೇ ಇಲ್ಲ. ಅಪ್‌ಡೇಟ್ ಭದ್ರತೆಯನ್ನು ಡಬ್ಲ್ಯೂಪಿಎ3 (ವೈಫೈಗೆ ಬೀಗ ಹಾಕುವ ಹೊಸ ಮಾನದಂಡ; ಹಿಂದಿನದು ಡಬ್ಲ್ಯೂಪಿಎ2) ಮಾತ್ರ ಎಂದು ಬದಲಿಸಿದೆಯೇ ನೋಡಿ. ಆ ಮಾನದಂಡ ಬಂದದ್ದು 2018ರಲ್ಲಿ. ಅದಕ್ಕೂ ಹಿಂದಿನ ಅನೇಕ ಸ್ಪೀಕರ್‌ಗಳಿಗೆ ಆ ಭಾಷೆ ಬಾರದು. ಡಬ್ಲ್ಯೂಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಇಟ್ಟರೆ ಬಹುತೇಕ ಸಾಧನಗಳು ಮರಳುತ್ತವೆ. ಅದೂ ಸಾಲದ ಹಟಮಾರಿ ಸ್ಪೀಕರ್‌ಗೆ ಡಬ್ಲ್ಯೂಪಿಎ2 ಒಂದೇ ಗತಿ. ಹಾಗೆಯೇ 2.4 ಗಿಗಾಹರ್ಟ್ಜ್ ಬ್ಯಾಂಡ್ (ವೈಫೈ ಬಳಸುವ ರೇಡಿಯೋ ತರಂಗ ಶ್ರೇಣಿಗಳಲ್ಲೊಂದು) ಆರಿಹೋಗಿಲ್ಲ ತಾನೇ ಎಂದೂ ಪರೀಕ್ಷಿಸಿ. ಹಳೆಯ, ಅಗ್ಗದ ಸ್ಪೀಕರ್‌ಗಳಿಗೆ ಅದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಪಟ್ಟಿಯಲ್ಲಿ ಸ್ಪೀಕರ್ ಇದ್ದೂ ಅದರ ಆ್ಯಪ್‌ಗೆ ಕಾಣದಿದ್ದರೆ ಕಥೆ ಬೇರೆ. ನನ್ನ ಕೆಲಸದ ದೊಡ್ಡ ಪಾಲು ಇದೇ. ಇಂಟರ್ನೆಟ್ ಸಿಗುವುದು ಒಂದು, ಮನೆಯೊಳಗೆ ಎರಡು ಸಾಧನಗಳು ಪರಸ್ಪರ ಕಾಣುವುದು ಇನ್ನೊಂದು. ಆ್ಯಪ್ ತೆರೆದಾಗ ಫೋನ್ "ಯಾರಿದ್ದೀರಿ?" ಎಂದು ಕೂಗುತ್ತದೆ, ಸ್ಪೀಕರ್ "ನಾನಿದ್ದೇನೆ" ಎನ್ನುತ್ತದೆ. ಹೆಚ್ಚಾಗಿ ಈ ಕೂಗು ಹೋಗುವುದು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ, ಅದು ತನ್ನ ಓಣಿಯನ್ನು, ಅಂದರೆ ತಾನಿರುವ ಸ್ಥಳೀಯ ನೆಟ್‌ವರ್ಕನ್ನು, ದಾಟುವುದಿಲ್ಲ. ಸ್ಪೀಕರ್ ಅತಿಥಿಗಳ ನೆಟ್‌ವರ್ಕ್‌ನಲ್ಲಿದ್ದರೆ ನಡುವೆ ಗೋಡೆ. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯ ವೈಫೈ ಆರಿಸದೆ ಅದರ ಹಿಂದೆ ಮೆಶ್ ಜೋಡಿಸಿದ್ದರೆ ಮನೆಯೊಳಗೆ ಎರಡು ಓಣಿಗಳು. ಫೋನ್‌ನ ಐಪಿ ವಿಳಾಸ 192.168.1 ಎಂದೂ ಸ್ಪೀಕರ್‌ನದು 192.168.0 ಎಂದೂ ಆರಂಭವಾದರೆ ಅನುಮಾನವೇ ಬೇಡ. ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ, ಆಗ ಅದು ರೂಟರ್ ಕೆಲಸ ಬಿಟ್ಟು ಇಂಟರ್ನೆಟನ್ನು ಮೆಶ್‌ಗೆ ದಾಟಿಸುತ್ತದೆ ಅಷ್ಟೇ. ಇಲ್ಲವೇ ಮೆಶ್ ಅನ್ನು ಆ್ಯಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಹರಡುವ ಸಾಧನ) ಆಗಿಸಿ, ಪೆಟ್ಟಿಗೆಯ ವೈಫೈ ಆರಿಸಿ.

ಫೋನ್ ಕೂಡ ತಪ್ಪಿತಸ್ಥನಾಗಬಹುದು. 2020ರ ಐಓಎಸ್ 14ರಿಂದ ಈಚೆಗೆ ಐಫೋನ್‌ನಲ್ಲಿ ಆ್ಯಪ್‌ಗೆ ಸ್ಥಳೀಯ ನೆಟ್‌ವರ್ಕ್ ನೋಡಲು ಅನುಮತಿ ಬೇಕು. ಒಮ್ಮೆ ಅವಸರದಲ್ಲಿ "ಬೇಡ" ಒತ್ತಿದ್ದರೆ ಮುಗಿಯಿತು. ಒಮ್ಮೆ ನಾನೇ ಎರಡು ಗಂಟೆ ಮೂರು ನೋಡ್‌ಗಳನ್ನು ಜಾಲಾಡಿ, ಕೊನೆಗೆ ನನ್ನದೇ ಫೋನ್‌ನಲ್ಲಿ ವಿಪಿಎನ್ (ಫೋನ್‌ನ ಮಾತನ್ನೆಲ್ಲ ದೂರದ ಸರ್ವರ್ ಮೂಲಕ ಕಳಿಸುವ ಸೇವೆ) ಚಾಲೂ ಇರುವುದನ್ನು ಕಂಡೆ. ಆ ದಿನ ಹಣ ಕೇಳಲಿಲ್ಲ.

ಇಷ್ಟೆಲ್ಲ ರಗಳೆಯಿದ್ದರೆ ಅಪ್‌ಡೇಟನ್ನೇ ನಿಲ್ಲಿಸೋಣವೇ ಎಂದು ಕೇಳುತ್ತಾರೆ. ಬೇಡ. 2017ರಲ್ಲಿ ಡಬ್ಲ್ಯೂಪಿಎ2ನಲ್ಲೇ ಕ್ರ್ಯಾಕ್ ಎಂಬ ದೋಷ ಬಯಲಾದಾಗ ಅದನ್ನು ಮುಚ್ಚಿದ್ದು ಇಂತಹ ಅಪ್‌ಡೇಟ್‌ಗಳೇ. ನೀವು ಎಚ್ಚರವಿರುವ ಹೊತ್ತಿಗೆ ಸಮಯ ನಿಗದಿ ಮಾಡಿ, ನಡುವೆ ವಿದ್ಯುತ್ ತಪ್ಪಿಸಬೇಡಿ, ಎಲ್ಲ ನೋಡ್‌ಗಳೂ ಒಂದೇ ಆವೃತ್ತಿಗೆ ಬಂದವೇ ಎಂದು ನೋಡಿ.

ಅಪ್‌ಡೇಟ್ ನಂತರ ಸ್ಪೀಕರ್ ಸಿಕ್ಕರೂ ಹಾಡು ತುಂಡುತುಂಡಾಗಿ ಬರುವುದುಂಟು. ಮುಖ್ಯ ರೂಟರ್ ಮೊದಲು ಏಳುತ್ತದೆ, ಸ್ಪೀಕರ್ ಪಕ್ಕದ ನೋಡ್ ತಡವಾಗಿ ಏಳುತ್ತದೆ. ಅಷ್ಟರಲ್ಲಿ ಸ್ಪೀಕರ್ ದೂರದ ರೂಟರನ್ನೇ ಹಿಡಿದುಕೊಂಡಿರುತ್ತದೆ. ಯಾವ ನೋಡ್ ಹಿಡಿಯಬೇಕೆಂದು ಕೊನೆಗೆ ತೀರ್ಮಾನಿಸುವುದು ಸ್ಪೀಕರ್, ರೂಟರ್ ಅಲ್ಲ. ನೋಡ್‌ಗಳೆಲ್ಲ ಎದ್ದ ಮೇಲೆ ಸ್ಪೀಕರ್‌ನ ಪ್ಲಗ್ ಕಿತ್ತು, ಹತ್ತು ಸೆಕೆಂಡು ಬಿಟ್ಟು ಮತ್ತೆ ಹಾಕಿದರೆ ಸಾಮಾನ್ಯವಾಗಿ ಹತ್ತಿರದ್ದಕ್ಕೆ ಬರುತ್ತದೆ. ಇದನ್ನು ನಾನು ಫೋನ್‌ನಲ್ಲೇ ಹೇಳಿಬಿಡುತ್ತೇನೆ, ಮನೆಯವರೆಗೆ ಬರುವುದಿಲ್ಲ.