ಜಿಗಣೆಯಂತೆ ಅಂಟಿಕೊಳ್ಳುವುದು ಜಿಗಣೆಯೇ?

ಪ್ರಶ್ನೆ: ಬೆನ್ನು ಬಿಡದೆ ಕಾಡುವವರನ್ನು ‘ಜಿಗಣೆ ಹಾಗೆ ಅಂಟಿಕೊಂಡಿದ್ದಾನೆ’ ಎನ್ನುತ್ತೇವೆ. ಜಿಗಣೆ ನಿಜಕ್ಕೂ ಹಾಗೆಯೇ? ಉಂಬಳ, ಉಣುಗು ಎಂದರೂ ಅದೇನಾ?

ಜಿಗಣೆ, ಉಂಬಳ ಒಂದೇ ಬಳಗ. ಎರೆಹುಳುವಿನ ದೂರದ ನೆಂಟರು. ಕೆರೆ, ಗದ್ದೆಯ ನೀರಿನಲ್ಲಿರುವುದು ಜಿಗಣೆ. ಮಳೆಗಾಲದಲ್ಲಿ ಮಲೆನಾಡಿನ ತರಗೆಲೆಯ ಮೇಲೆ ತಲೆಯೆತ್ತಿ ಕಾಯುವುದು ಉಂಬಳ. ಉಣುಗು, ಅಂದರೆ ಉಣ್ಣೆ, ಮಾತ್ರ ಬೇರೆ. ಎಂಟು ಕಾಲಿನ ಅದು ಜೇಡದ ಕಡೆಯದು.

ಅಂಟಿಕೊಳ್ಳುವ ವಿಷಯದಲ್ಲಿ ಜಿಗಣೆಗೆ ಅನ್ಯಾಯವಾಗಿದೆ. ಹೊಟ್ಟೆ ತುಂಬಿದರೆ, ಸಾಮಾನ್ಯವಾಗಿ ಗಂಟೆಯೊಳಗೆ, ತಾನಾಗಿ ಉದುರುತ್ತದೆ. ಆದರೆ ‘ರಕ್ತ ಹೀರುವ ಜಿಗಣೆ’ ಎಂದು ಬಡ್ಡಿಯವನನ್ನು ಬೈಯುವುದು ಸರಿಯಾಗಿಯೇ ಇದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಜೊಲ್ಲಿನ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ, ಅದು ಉದುರಿದ ಮೇಲೂ ಗಂಟೆಗಟ್ಟಲೆ ಒಸರುತ್ತದೆ, ಅಸಲು ತೀರಿದರೂ ನಿಲ್ಲದ ಬಡ್ಡಿಯ ಹಾಗೆ.

ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು, ಉಪ್ಪು ಮುಟ್ಟಿಸುವ ರೂಢಿ ಇದೆ. ಬಿಡುವುದೇನೋ ಬಿಡುತ್ತದೆ. ಆದರೆ ಬಿಡುವಾಗ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೆ ಕಕ್ಕಿದರೆ ಅದರೊಳಗಿನ ಬ್ಯಾಕ್ಟೀರಿಯಾದಿಂದ ಗಾಯ ಕೀವಾಗಬಹುದು. ಸಪೂರ ತುದಿಯಲ್ಲಿ ಬಾಯಿ ಇರುತ್ತದೆ. ಅಲ್ಲಿ ಚರ್ಮಕ್ಕೆ ಒತ್ತಿ ಉಗುರು ಜಾರಿಸಿ, ಮೊದಲು ಅದನ್ನು ಬಿಡಿಸಿ. ಆಮೇಲೆ ದಪ್ಪ ತುದಿ. ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ನಿಜವಾಗಿ ಬಿಡದೆ ಕಚ್ಚಿಕೊಳ್ಳುವುದು ಉಣುಗು. ಹಿಮ್ಮುಖ ಮುಳ್ಳಿರುವ ಬಾಯಿಯನ್ನು ಚರ್ಮದೊಳಗೆ ನೆಟ್ಟು ದಿನಗಟ್ಟಲೆ ಇರುತ್ತದೆ. ದನದ ಕೆಚ್ಚಲಿನ ಉಣ್ಣೆ ನೋಡಿದವರಿಗೆ ಇದು ಗೊತ್ತು. ಸೀಮೆಎಣ್ಣೆ ಸುರಿಯುವುದು, ಕಡ್ಡಿ ಗೀರಿ ಸುಡುವುದು, ಬೆರಳಲ್ಲಿ ಹಿಸುಕುವುದು ಬೇಡವೇ ಬೇಡ. ಅದರೊಳಗಿನ ರಸ ಗಾಯಕ್ಕೆ ಸೇರುತ್ತದೆ. ಚೂಪು ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗವನ್ನು ಹರಡುವುದರಲ್ಲಿ ಸಾಸಿವೆಯಷ್ಟೂ ಇಲ್ಲದ ಮರಿ ಉಣುಗುಗಳ ಪಾತ್ರ ದೊಡ್ಡದು. ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಕಾಟ ಹೆಚ್ಚು. ಸೊಪ್ಪು, ದರಗು ತರಲು ಹೋದವರು ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ, ವಿಪರೀತ ತಲೆನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.